ಎಡಗೈಗೆ ಸಿಗುವಂತೆ ಒಂದು ದೋಣಿ

ದೋಣಿಯ ಹೊದಿಕೆ ಸರಿಸಿದ ಕೂಡಲೇ, ಕಪಾಟಿನ ಹಿಂದೆ ಹಲ್ಲಿ ಸತ್ತರೆ ಬರುತ್ತದಲ್ಲ, ಅಂಥ ವಾಸನೆ ಬಂತು. ಕಚೋ ಅವರ ಹೆಂಡತಿ ಕರವಸ್ತ್ರವನ್ನು ಮೂಗಿಗೆ ಹಿಡಿದು ಹಿಂದೆ ಸರಿದರು. ನಾನು ಸರಿಯಲಿಲ್ಲ. ಆ ವರ್ಷ ನನಗೆ ವಾಸನೆ, ರುಚಿ, ಸದ್ದು ಎಲ್ಲವೂ ಪಕ್ಕದ ಮನೆಯ ಟಿ.ವಿ.ಯ ಹಾಗೆ ಗೋಡೆಯಾಚೆಯಿಂದ ಬರುತ್ತಿದ್ದವು.

ಕಚೋ ಎಂದರೆ ಜಪಾನಿನ ಕಂಪನಿಗಳಲ್ಲಿ ವಿಭಾಗದ ಮುಖ್ಯಸ್ಥ. ಹಮಾಮತ್ಸುವಿನ ಒಂದು ಕಾರ್ಖಾನೆಯಲ್ಲಿ ಮೋಟಾರ್‌ಸೈಕಲ್ಲಿನ ವೈರಿಂಗ್ ವಿನ್ಯಾಸ ಮಾಡುವುದು ನಮ್ಮ ಕೆಲಸ. ಅವರು ಅಲ್ಲಿ ಕಚೋ, ನಾನು ಅವರ ಕೈಕೆಳಗಿನವನು. ನಿವೃತ್ತರಾಗಿ ಇನ್ನು ಮೀನು ಹಿಡಿದುಕೊಂಡು ಹಾಯಾಗಿರುತ್ತೇನೆ ಎಂದು ಹೊರಟವರಿಗೆ ಲಕ್ವ ಹೊಡೆಯಿತು. ಬಲಗೈ ಪೂರ್ತಿ ಹೋಯಿತು, ಬಲಗಾಲು ಅರ್ಧ. ಮಾತು ಉಳಿದುಕೊಂಡಿತು, ಮೊದಲೂ ಅವರು ಮಾತಾಡುತ್ತಿದ್ದದ್ದು ಅಷ್ಟಕ್ಕಷ್ಟೇ.

ನನ್ನನ್ನು ಕರೆಸಿದ್ದು ಅವರ ಹೆಂಡತಿ. ಎಲ್ಲರ ಹಾಗೆ ನಾನೂ ಅವರನ್ನು ಒಕುಸಾನ್ ಎನ್ನುತ್ತಿದ್ದೆ. ಅಂದರೆ ಮನೆಯವರು, ಅಮ್ಮಾವ್ರು, ಹೀಗೆ. ಊರಾಚೆ ಕಿತ್ತಳೆ ತೋಟಗಳ ನಡುವಿನ ಅವರ ಮನೆಗೆ ಒಂದು ಶನಿವಾರ ಹೋದೆ. ಕಚೋ ಮೇಜಿನ ಆಚೆ ಕೂತಿದ್ದರು. ಚಹಾದ ಬಟ್ಟಲನ್ನು ಎತ್ತಿ ಕೊಡಲಿಲ್ಲ, ಎಡಗೈ ಬೆರಳಿನಿಂದ ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದರು. ಈ ದೇಶದಲ್ಲಿ ಯಾರಿಗೆ ಏನು ಕೊಟ್ಟರೂ ಎರಡೂ ಕೈ ಸೇರಿಸಿ ಕೊಡಬೇಕು. ಒಂಟಿ ಕೈಯಲ್ಲಿ ಕೊಡುವುದು ಅವರಿಂದಾಗದು, ಹಾಗಾಗಿ ಕೊಡುವುದನ್ನೇ ಬಿಟ್ಟಿದ್ದರು.

"ದೋಣಿ ಕೊಳ್ಳೋಕೆ ಒಬ್ಬರು ತಿಂಗಳ ಕೊನೆಗೆ ಬರ್ತಾರೆ" ಎಂದರು ಒಕುಸಾನ್. ನಮ್ಮ ಮಾತೆಲ್ಲ ಜಪಾನಿಯಲ್ಲಿ. ಇಲ್ಲಿ ನಮ್ಮ ಭಾಷೆಯಲ್ಲಿ ಬರೆಯುತ್ತಿದ್ದೇನೆ. "ಅಷ್ಟರೊಳಗೆ ಅದನ್ನ ಇವರು ಒಂದೇ ಕೈಯಲ್ಲಿ ಬಳಸೋ ಹಾಗೆ ಮಾಡೋಕಾಗತ್ತಾ ನೋಡಿ. ಎಂಜಿನ್ ನಾನು ನೋಡ್ಕೋತೀನಿ, ನನಗೆ ಲೈಸೆನ್ಸ್ ಇದೆ. ಮುಂದಿನ ಡೆಕ್ ಮಾತ್ರ ಇವರದು."

ಕಚೋ ಕಿಟಕಿಯ ಕಡೆ ನೋಡುತ್ತ ತಮ್ಮ ಷರತ್ತು ಹೇಳಿದರು. "ದೋಣಿ ಹತ್ತೋವರೆಗೆ ಹಿಡ್ಕೊಳ್ಳಿ. ಕೂತ ಮೇಲೆ ಯಾರೂ ನನಗೆ ಏನನ್ನೂ ಎತ್ತಿಕೊಡಬಾರದು. ಎತ್ತಿಕೊಡಬೇಕಾದರೆ ದೋಣಿ ಬೇಡ. ಆಸ್ಪತ್ರೇಲಿ ಚಮಚ ಕೂಡ ಎತ್ತಿಕೊಟ್ಟಿದಾರೆ. ಸಾಕು."

ನನ್ನ ಹೆಂಡತಿ ಹಿಂದಿನ ವರ್ಷ ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ವೈಕುಂಠ ಸಮಾರಾಧನೆ ಮುಗಿಸಿ ವಾಪಸು ಬಂದು ಕೆಲಸಕ್ಕೆ ಕೂತವನಿಗೆ ಅಳುವೂ ಬಂದಿರಲಿಲ್ಲ, ಶನಿವಾರ ಭಾನುವಾರ ಏನು ಮಾಡಬೇಕೆಂದೂ ತಿಳಿಯುತ್ತಿರಲಿಲ್ಲ. ಆಯಿತು ಎಂದೆ. ಕರುಣೆಯಿಂದ ಒಪ್ಪಿಕೊಂಡೆ ಎಂದು ಹೇಳಿದರೆ ಸುಳ್ಳಾಗುತ್ತದೆ.

ಬಾಸ್ ಎನ್ನುವ ಮೀನು ಹಿಡಿಯಲೆಂದೇ ಮಾಡಿದ ದೋಣಿಯದು. ಉದ್ದಕ್ಕೆ, ಚಪ್ಪಟೆಯಾಗಿ, ಹೊಳೆಯುವ ಫೈಬರ್ ಮೈ. ಹಿಂದೆ ದೊಡ್ಡ ಎಂಜಿನ್, ಅದರ ಮುಂದೆ ಬ್ಯಾಟರಿಗಳು, ನಡುವೆ ಚಾಲಕನ ಜಾಗ. ಮುಂದೆ ಜಗುಲಿಯಂಥ ಡೆಕ್. ಮೂತಿಯಲ್ಲಿ ಕಾಲಿನ ಪೆಡಲಿನಿಂದ ನಡೆಯುವ ಸಣ್ಣ ಎಲೆಕ್ಟ್ರಿಕ್ ಮೋಟಾರು. ಮೀನಿಗೆ ಸದ್ದಾಗದಂತೆ ಮೆಲ್ಲಗೆ ಸರಿಯಲು ಅದು. ಡೆಕ್ಕಿನ ತುಂಬ ಮುಚ್ಚಳಗಳು, ಒಂದೊಂದರ ಕೆಳಗೂ ಒಂದೊಂದು ಗೂಡು. ಮೀನನ್ನೇ ತಿನ್ನದ ಮನೆತನದವನು ನಾನು. ಇಷ್ಟೆಲ್ಲ ವ್ಯವಸ್ಥೆ ಒಂದು ಮೀನಿಗೋಸ್ಕರವೇ ಎಂದು ಮೊದಲ ದಿನ ಅನ್ನಿಸಿತು, ಅಷ್ಟೆ.

ಗೂಡುಗಳನ್ನು ಖಾಲಿ ಮಾಡುವುದರಿಂದ ಶುರು ಮಾಡಿದೆ. ಮೀನಿಗೆ ಆಸೆ ತೋರಿಸುವ ರಬ್ಬರ್ ಹುಳುಗಳು ಬಿಸಿಲಿಗೆ ಕರಗಿ ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು. ದೋಣಿಯ ತಳದಲ್ಲಿ ನಿಂತ ನೀರನ್ನು ಹೊರಹಾಕುವ ಪಂಪಿನ ಬಾಯಿಗೆ ನಿಜವಾಗಿಯೂ ಒಂದು ಹಲ್ಲಿ ಸಿಕ್ಕಿಕೊಂಡು ಸತ್ತಿತ್ತು. ಕಾರ್ಪೆಟ್ ಕಿತ್ತೆ. ಎರಡು ಮುಚ್ಚಳಗಳ ಒಳಗಿನ ಪ್ಲೈವುಡ್ ನೆನೆದು ರಸ್ಕಿನ ಹಾಗಾಗಿತ್ತು. ಅದನ್ನು ಕೆರೆದು ತೆಗೆದು, ಹೊಸ ಹಲಗೆ ಕೊಯ್ದು, ಅಂಚಿಗೆಲ್ಲ ನೀರು ತಡೆಯುವ ಎಪಾಕ್ಸಿ ಅಂಟು ಬಳಿದು ಒಣಗಿಸಿದೆ. ಫೈಬರಿನ ಸಿಬಿರುಗಳು ಕೈಗವಸು ದಾಟಿ ಬಲ ಅಂಗೈಗೆ ಚುಚ್ಚಿಕೊಂಡವು.

ಆಮೇಲೆ ವೈರಿಂಗ್. ಮೂತಿಯ ಮೋಟಾರು ತಿರುಗುತ್ತಿತ್ತು, ಆದರೆ ಜ್ವರ ಬಂದವರ ಹಾಗೆ ತಿರುಗುತ್ತಿತ್ತು. ಬ್ಯಾಟರಿಯ ಬಳಿ ಮೀಟರ್ ಹಿಡಿದರೆ ವೋಲ್ಟೇಜ್ ಸರಿಯಾಗಿ ಹನ್ನೆರಡಿದೆ. ಮೋಟಾರು ಓಡುವಾಗ ಮುಂದೆ ಹಿಡಿದರೆ ಹತ್ತಕ್ಕೆ ಇಳಿಯುತ್ತದೆ. ಅಂದರೆ ನಡುವೆ ಎಲ್ಲೋ ವಿದ್ಯುತ್ತು ಸೋರಿಹೋಗುತ್ತಿದೆ. ಕೇಬಲ್ಲನ್ನು ಗೇಣುಗೇಣಾಗಿ ತಡವುತ್ತ ಹೋದೆ. ಚಾಲಕನ ಸೀಟಿನ ಕೆಳಗೆ ಒಂದು ಕಡೆ ಬಿಸಿಯಾಗಿತ್ತು. ಟೇಪು ಬಿಚ್ಚಿದರೆ ಎರಡು ವೈರುಗಳನ್ನು ಬರಿಗೈಯಲ್ಲಿ ಹೊಸೆದು ಸುತ್ತಿದ್ದಾರೆ, ತಾಮ್ರ ಹಸಿರು ಹಿಡಿದಿದೆ. ವೈರು ಹೊಸೆದು ಟೇಪು ಸುತ್ತುವವನಿಗೆ ನಮ್ಮ ವಿಭಾಗದಲ್ಲಿ ಜಾಗವಿಲ್ಲ ಎಂದು ಕಚೋ ನಮಗೆಲ್ಲ ಮಂತ್ರದ ಹಾಗೆ ಹೇಳುತ್ತಿದ್ದರು. ಶೆಡ್ಡಿನ ಬಾಗಿಲಲ್ಲಿ ಮಡಚುವ ಕುರ್ಚಿ ಹಾಕಿ ಕೂತಿದ್ದ ಅವರಿಗೆ ಆ ಜೋಡಣೆಯನ್ನು ಎತ್ತಿ ತೋರಿಸಿದೆ.

"ಅದು ಕಂಪನಿದು. ಇದು ನನ್ನದು" ಎಂದರು.

ಒಕುಸಾನ್ ನಕ್ಕರು. ನಗಬೇಕಾದ ಜಾಗ ಎಂದು ನನಗೂ ಗೊತ್ತಾಯಿತು. ತವರ ಲೇಪಿಸಿದ ದಪ್ಪ ಕೇಬಲ್ಲನ್ನು ಹಿಂದಿನಿಂದ ಮುಂದಿನವರೆಗೆ ಒಂದೇ ತುಂಡಾಗಿ ಎಳೆದೆ, ತುದಿಗಳನ್ನು ಒತ್ತಿ ಕೂರಿಸಿದೆ, ಬ್ಯಾಟರಿಯ ಪಕ್ಕ ಹೊಸ ಬ್ರೇಕರ್ ಹಾಕಿದೆ. ಮೋಟಾರು ಹೊಸ ಮಿಕ್ಸಿಯ ಹಾಗೆ ತಿರುಗಿತು.

ಇಷ್ಟೆಲ್ಲ ನನಗೆ ಗೊತ್ತಿದ್ದ ಕೆಲಸ. ಕಷ್ಟವಾದದ್ದು ಮುಂದಿನ ಡೆಕ್. ಬೆಲ್ಟು ಕಟ್ಟಿಕೊಂಡು ಕೂರುವ, ತಿರುಗುವ ಸೀಟು ಕೂರಿಸಿ, ಪೆಡಲನ್ನು ಎಡಗಾಲಿಗೆ ಬರುವಂತೆ ತಿರುಗಿಸಿದೆ. ಸೀಟಿನ ಮುಂದೆ, ಮೊಣಕಾಲುಗಳ ನಡುವೆ, ಒಂದು ಪಿ.ವಿ.ಸಿ. ಕೊಳವೆ ನಿಲ್ಲಿಸಿದೆ. ಎಡಗೈಯಿಂದ ಗಾಳ ಬೀಸಿ, ಕೋಲಿನ ಬುಡವನ್ನು ಆ ಕೊಳವೆಗೆ ಇಳಿಸಿ, ಅದೇ ಕೈಯಲ್ಲಿ ರೀಲು ಸುತ್ತಬಹುದು. ಎಡಪಕ್ಕದ ಗೂಡುಗಳಲ್ಲಿ ಕೊಕ್ಕೆಗಳ ಪೆಟ್ಟಿಗೆ, ಇಕ್ಕಳ, ಮೀನಿನ ಬಲೆ, ಕೈ ಒರೆಸುವ ಬಟ್ಟೆ. ಬಲಪಕ್ಕಕ್ಕೆ ಚಹಾದ ಫ್ಲಾಸ್ಕು, ಬಟ್ಟಲು, ಒನಿಗಿರಿ ಎನ್ನುವ ಅನ್ನದುಂಡೆಗೆ ಒಂದು ಡಬ್ಬಿ. ಎಲ್ಲ ಚೊಕ್ಕವಾಗಿ ಕಾಣುತ್ತಿತ್ತು. ಎರಡು ಸಲ ಹಿಂದೆ ನಿಂತು ನೋಡಿದೆ, ತಪ್ಪೇನೂ ಕಾಣಲಿಲ್ಲ.

ಮೊದಲ ಪರೀಕ್ಷೆ ಅಂಗಳದಲ್ಲಿ, ದೋಣಿ ಟ್ರೇಲರಿನ ಮೇಲಿದ್ದಾಗಲೇ. ಇಬ್ಬರೂ ಹಿಡಿದು ಕಚೋ ಅವರನ್ನು ಹತ್ತಿಸಿ ಕೆಳಗಿಳಿದೆವು. ಅವರು ಗಾಳ ಬೀಸಿದರು, ಅದು ಕಿತ್ತಳೆ ಗಿಡಕ್ಕೆ ಸಿಕ್ಕಿಕೊಂಡಿತು, ಬಿಡಿಸಿಕೊಂಡರು. ಕೊಳವೆಗೆ ಕೋಲು ಇಳಿಯಿತು, ರೀಲು ಸುತ್ತಿತು. ಬಲೆ ತೆಗೆಯಲು ಮುಚ್ಚಳದ ಹಿಡಿಯನ್ನು ತಿರುಗಿಸಿ ಎತ್ತಿದರು. ಎತ್ತಿದ ಕೈಯೇ ಒಳಗೂ ಹೋಗಬೇಕಲ್ಲ? ಬಿಟ್ಟರು. ಮುಚ್ಚಳ ಬೆರಳಿನ ಮೇಲೆ ಬಿತ್ತು. ಮತ್ತೆ ಎತ್ತಿ ಮೊಣಕೈಯಲ್ಲಿ ತಡೆಯಲು ನೋಡಿದರು, ಮತ್ತೆ ಬಿತ್ತು. ಬಲೆಯನ್ನು ಅಲ್ಲಿಗೇ ಬಿಟ್ಟರು.

ಬೇಸಿಗೆಯ ಸೆಕೆ. ಬೆವರು ಅವರ ಕತ್ತಿನಿಂದ ಇಳಿಯುತ್ತಿತ್ತು. ಫ್ಲಾಸ್ಕಿನ ಕಡೆ ಒಮ್ಮೆ ನೋಡಿದರು. ಅದು ಬಲಗೈಯ ಪಕ್ಕದಲ್ಲಿತ್ತು, ಬಲಗೈ ತೊಡೆಯ ಮೇಲಿತ್ತು. ಎಡಗೈಯನ್ನು ಎದೆಯ ಮೇಲಿಂದ ಆಚೆ ಚಾಚಿದರು, ಬೆಲ್ಟು ಬಿಡಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡರು. ಒಕುಸಾನ್‌ಗೆ ತಡೆಯಲಾಗಲಿಲ್ಲ. ಏಣಿ ಹತ್ತಿ, ಬಟ್ಟಲಿಗೆ ಚಹಾ ಬಗ್ಗಿಸಿ, ಅವರ ಕೈಗೆ ಕೊಟ್ಟೇಬಿಟ್ಟರು.

ಕಚೋ ಪೂರ್ತಿ ಕುಡಿದು ಬಟ್ಟಲನ್ನು ಡೆಕ್ಕಿನ ಮೇಲಿಟ್ಟರು. "ಎತ್ತಿಕೊಡಬೇಕಾಯಿತು" ಎಂದರು. "ಕೊಳ್ಳೋರಿಗೆ ಬರೋಕೆ ಹೇಳು."

ಅವರನ್ನು ಒಳಗೆ ಮಲಗಿಸಿ ಬಂದು ಒಕುಸಾನ್ ನನ್ನ ಮುಂದೆ ನಿಂತರು. "ತಪ್ಪು ತಿಳೀಬೇಡಿ. ಕುಡಿಯೋದು, ತಿನ್ನೋದು ಮಾತ್ರ ಯಾಕೆ ಆ ಕಡೆ ಇಟ್ರಿ?"

ಡೆಕ್ಕಿನ ಕಡೆ ತಿರುಗಿ ನೋಡಿದೆ. ಎಡಗೈ ಕೊಳೆ ಕೆಲಸಕ್ಕೆ, ಬಲಗೈ ಊಟಕ್ಕೆ. ಕೊಕ್ಕೆ, ಮೀನಿನ ಲೋಳೆ, ಒರೆಸುವ ಬಟ್ಟೆ ಎಡಕ್ಕೆ. ಅನ್ನ ನೀರು ಬಲಕ್ಕೆ. ನಾನು ಯೋಚಿಸಿ ಇಟ್ಟದ್ದಲ್ಲ, ಹಾಗೆ ಇಟ್ಟಿದ್ದೇನೆ ಎಂದು ಗೊತ್ತೂ ಇರಲಿಲ್ಲ. ಬಲಗೈಯೇ ಇಲ್ಲದ ಮನುಷ್ಯನ ಊಟವನ್ನು ಬಲಗೈಗೆ ಬಡಿಸಿದ್ದೆ. ಇಷ್ಟನ್ನು ಜಪಾನಿಯಲ್ಲಿ ಹೇಳುವ ತ್ರಾಣವಿರಲಿಲ್ಲ. "ಸುಮಿಮಾಸೆನ್, ತಪ್ಪಾಯಿತು, ಇನ್ನೊಂದು ವಾರ ಕೊಡಿ" ಎಂದೆ. ಒಕುಸಾನ್ ಒಳಗೆ ಹೋಗಿ ತುಂಬ ಹೊತ್ತಿನ ಮೇಲೆ ಬಂದು, ಒಂದೇ ವಾರ ಎಂದರು.

ಮಾರನೆಯ ದಿನ ಮೈಸೂರಿನಿಂದ ಅಕ್ಕನ ವಿಡಿಯೋ ಕಾಲ್. ನಾನು ಕೊಂಬಿನಿಯಿಂದ, ಅಂದರೆ ಬೀದಿ ತುದಿಯ ಅಂಗಡಿಯಿಂದ, ತಂದ ಮೊಸರನ್ನು ಅನ್ನಕ್ಕೆ ಕಲಸಿಕೊಂಡು ತಿನ್ನುತ್ತಿದ್ದೆ. ಸಿಬಿರು ಚುಚ್ಚಿದ ಬಲ ಅಂಗೈಗೆ ಬ್ಯಾಂಡೇಜು ಸುತ್ತಿತ್ತು.

"ಏನೋ ಅದು ಕೈಗೆ?"

"ದೋಣಿ ಕೆಲಸ ಅಕ್ಕ. ಮೀನು ಹಿಡಿಯೋ ದೋಣಿ. ನಮ್ಮ ಹಳೇ ಬಾಸ್‌ದು."

"ಮೀನಿನ ದೋಣಿನಾ? ನಿನಗ್ಯಾಕೋ ಇಲ್ಲದ ಉಸಾಬರಿ. ಹೊಟ್ಟೆಗೆ ನೆಟ್ಟಗೆ ಮಾಡ್ಕೊಂಡು ತಿನ್ನೋಕೆ ಬರಲ್ಲ..." ಎಂದವಳು ಪರದೆಗೆ ಹತ್ತಿರ ಬಂದಳು. "ಏ, ಎಡಗೈಲಿ ತಿಂತಿದೀಯಲ್ಲೋ!"

ನೋಡಿಕೊಂಡೆ. ಹೌದು, ಚಮಚ ಎಡಗೈಯಲ್ಲಿತ್ತು, ಒಂದಗುಳೂ ಚೆಲ್ಲಿರಲಿಲ್ಲ.

"ಅಜ್ಜಿ ಇದ್ದಿದ್ರೆ ಟವಲ್ ತಗೊಂಡು ಮತ್ತೆ ಮಂಚದ ಕಾಲಿಗೆ ಕಟ್ಟಿರೋರು" ಎಂದಳು ಅಕ್ಕ. "ನಾಲ್ಕು ವರ್ಷದವನಿದ್ದೆ. ಎಡಗೈ ಬಿಡು ಅಂದ್ರೆ ಬಿಡ್ತಾನೇ ಇರ್ಲಿಲ್ಲ. ಕಟ್ಟಿಹಾಕಿ ಊಟಕ್ಕೆ ಕೂರಿಸೋರು. ಒಂದು ತಿಂಗಳು ಅತ್ತೆ, ಆಮೇಲೆ ಬಲಗೈ ಬಂತು."

ನಾನು ಹುಟ್ಟು ಎಡಚ ಎನ್ನುವುದು ನನಗೆ ನೆನಪೇ ಇರಲಿಲ್ಲ. ಅಕ್ಕ ಇನ್ನೂ ಏನೇನೋ ಕೇಳಿದಳು. ಹ್ಞೂಂ ಅಂದೆ, ಊಹ್ಞೂಂ ಅಂದೆ, ಫೋನ್ ಇಟ್ಟೆ.

ತಟ್ಟೆ ತೊಳೆದು ಇಡಲು ಹೋದಾಗ ಮೇಲಿನ ಕಪಾಟನ್ನು ಮೊಣಕೈಯಿಂದ ಒತ್ತಿದೆ. ಬಾಗಿಲು ಟಕ್ ಎಂದು ಬಿಟ್ಟುಕೊಂಡಿತು. ಅಲ್ಲೇ ನಿಂತೆ.

ಆ ಚಿಲಕಗಳು ನನ್ನ ಹೆಂಡತಿ ಹಾಕಿಸಿದ್ದು. ದೊಡ್ಡ ಭೂಕಂಪವಾದಾಗ ನಾವು ಇಚಿಕಾವಾ ಎನ್ನುವ ಊರಿನಲ್ಲಿದ್ದೆವು. ಅವತ್ತು ಅಡುಗೆಮನೆಯ ಕಪಾಟುಗಳು ತೆರೆದುಕೊಂಡು, ಅವಳಮ್ಮ ಕುಟ್ಟಿ ಕಳಿಸಿದ್ದ ಸಾರಿನಪುಡಿಯ ಡಬ್ಬಿ ಬಿದ್ದು ಒಡೆದಿತ್ತು. ಊರಿಗೆ ಊರೇ ನಡುಗಿ ಕೂತಿದ್ದರೆ ಇವಳು ಪುಡಿ ಗೋರುತ್ತಿದ್ದಳು. "ಇನ್ನೊಂದ್ ಸಲ ನಮ್ಮಮ್ಮನ ಪುಡಿ ನೆಲದ ಪಾಲಾಗಬಾರದು ರೀ" ಎಂದು ಒತ್ತಿದರೆ ತೆರೆಯುವ, ಒತ್ತಿದರೆ ಮುಚ್ಚುವ, ಅಲುಗಾಡಿದರೆ ಜಪ್ಪಯ್ಯ ಎಂದರೂ ಬಿಡದ ಚಿಲಕಗಳನ್ನು ತರಿಸಿ ಹಾಕಿಸಿದಳು. ಹಮಾಮತ್ಸುವಿಗೆ ಬರುವಾಗ ಬಿಚ್ಚಿಕೊಂಡು ಬಂದು ಇಲ್ಲಿ ಮತ್ತೆ ಹಾಕಿದಳು. ಅವಳು ಹೋದ ಮೇಲೆ ನಾನು ಆ ಅಡುಗೆಮನೆಯಲ್ಲಿ ಒಂದು ಡಬ್ಬಿಯನ್ನೂ ಸರಿಸಿರಲಿಲ್ಲ. ಸಾರಿನಪುಡಿಯ ಡಬ್ಬಿಯನ್ನಂತೂ ತೆರೆದೇ ಇರಲಿಲ್ಲ. ಅದು ಅವಳೇ ಹುರಿದು ಮಾಡಿಟ್ಟ ಕೊನೆಯ ಪುಡಿ.

ಒಲೆಯ ಮುಂದೆ ಅವಳು ನಿಲ್ಲುತ್ತಿದ್ದ ಜಾಗದಲ್ಲಿ ನಿಂತೆ. ಉಪ್ಪು, ಎಣ್ಣೆ, ಒಗ್ಗರಣೆ ಡಬ್ಬಿ ಎಲ್ಲ ಒಂದು ಕೈ ಅರ್ಧ ಸುತ್ತು ತಿರುಗಿದರೆ ಸಿಗುವ ಹಾಗೆ. ಎರಡು ಕೈ ಬೇಕಾದದ್ದು ಒಂದೂ ಇರಲಿಲ್ಲ. ಡಬ್ಬಿಗಳನ್ನು ಹೀಗೆ ಜೋಡಿಸುವಾಗ ಒಂದು ಸಲ ಏನೋ ಕೊಂಕು ಮಾತಾಡಿದ್ದೆ. "ಒಂದ್ ಕೈಲಿ ಸೌಟು ಇದ್ದೇ ಇರತ್ತಲ್ರೀ. ಉಳಿದಿದ್ದು ಒಂದೇ ಕೈ. ಅದು ಹೋದ್ ಕಡೆ ಸಾಮಾನಿರಬೇಕು" ಎಂದಿದ್ದಳು. ಇಷ್ಟು ವರ್ಷ ನಾನು ಒಂಟಿ ಕೈಯ ಅಡುಗೆಮನೆಯಲ್ಲೇ ಉಂಡಿದ್ದೆ.

ಅಳತೆ ಟೇಪು ತಂದು ಎಲ್ಲ ಅಳೆದೆ.

ಕಂಪನಿಗೆ ರಜೆ ಹಾಕಿದೆ. ಶೆಡ್ಡಿಗೆ ಹೋಗಿ ಒಕುಸಾನ್‌ಗೆ ಒಂದು ಟವಲ್ ಕೊಟ್ಟು, ನನ್ನ ಬಲಗೈಯನ್ನು ಸೊಂಟಕ್ಕೆ ಸೇರಿಸಿ ಕಟ್ಟಿ ಎಂದೆ. ಅವರು ಯಾಕೆ ಎಂದು ಕೇಳದೆ ಬಿಗಿಯಾಗಿ ಕಟ್ಟಿದರು. ಸೀಟಿನಲ್ಲಿ ಕೂತು ಕಣ್ಣು ಮುಚ್ಚಿ, ಬಲೆ ಬೇಕು ಎಂದುಕೊಂಡು ಎಡಗೈ ಚಾಚಿದೆ. ಕೈ ಎಲ್ಲಿಗೆ ಹೋಯಿತೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿದೆ. ಇಕ್ಕಳಕ್ಕೆ ಒಂದು ಗುರುತು, ಬಟ್ಟೆಗೆ ಒಂದು, ಬಟ್ಟಲಿಗೆ ಒಂದು. ನನ್ನ ವಿನ್ಯಾಸದ ಒಂದು ವಸ್ತುವೂ ಆ ಗುರುತುಗಳ ಮೇಲೆ ಇರಲಿಲ್ಲ. ಎಲ್ಲವನ್ನೂ ಕಿತ್ತೆ.

ಮುಚ್ಚಳಗಳ ಹಳೆಯ ಹಿಡಿಗಳನ್ನು ತೆಗೆದು ಒತ್ತು ಚಿಲಕ ಹಾಕಿದೆ. ಕಾರಿನ ಡಿಕ್ಕಿಗಿರುವಂಥ ಗ್ಯಾಸಿನ ದಂಡ ಕೂರಿಸಿದೆ. ಒತ್ತಿದರೆ ಮುಚ್ಚಳ ತಾನಾಗಿ ಎದ್ದು ನಿಲ್ಲುತ್ತದೆ, ಕೈ ಒಳಗೆ ಹೋಗಲು ಬಿಡುವಾಗುತ್ತದೆ. ಕೊಕ್ಕೆ ಬದಲಿಸುವಾಗ ಅದನ್ನು ಕಚ್ಚಿ ಹಿಡಿಯಲು ಒಂದು ರಬ್ಬರಿನ ಬಾಯಿ. ಇಕ್ಕಳಕ್ಕೆ ಹಳೇ ಟೆಲಿಫೋನಿನ ವೈರಿನಂಥ ಸುರುಳಿ ದಾರ. ಫ್ಲಾಸ್ಕು ಬಟ್ಟಲು ಎಡಕ್ಕೆ, ಕೊಕ್ಕೆಗಳ ಪಕ್ಕದಲ್ಲೇ. ಅನ್ನವನ್ನು ಅಲ್ಲಿಡುವಾಗ ಕೈ ಒಂದು ಕ್ಷಣ ನಿಂತಿತು. ಇಟ್ಟೆ. ಕೊಕ್ಕೆಗಳ ಗೂಡಿನ ಸಣ್ಣ ಮುಚ್ಚಳಕ್ಕೆ ಮಾತ್ರ ಸರಿಯಾದ ಚಿಲಕ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಆ ಅಳತೆಯದು ನನ್ನ ಅಡುಗೆಮನೆಯಲ್ಲಿತ್ತು. ಮೇಲಿನ ಕಪಾಟಿನಿಂದ ಒಂದನ್ನು ಬಿಚ್ಚಿ ತಂದು ಹಾಕಿದೆ. ಬಿಚ್ಚುವಾಗ ಏನೂ ಅನ್ನಿಸಲಿಲ್ಲ, ಬದಲಿಗೆ ಇನ್ನೊಂದು ತರಬೇಕು ಎಂದಷ್ಟೇ ಅಂದುಕೊಂಡೆ.

"ಅಂಗಳದಲ್ಲಿ ಬೇಡ. ನೀರಿನಲ್ಲೇ ನೋಡೋಣ" ಎಂದರು ಕಚೋ.

ಬೆಟ್ಟಗಳ ನಡುವಿನ ಅಣೆಕಟ್ಟಿನ ಹಿನ್ನೀರಿಗೆ ಬೆಳಗ್ಗೆ ಹೋದೆವು. ಒಕುಸಾನ್ ಎಂಜಿನ್ ನಡೆಸಿ ಒಂದು ಮೂಲೆಗೆ ತಂದು ನಿಲ್ಲಿಸಿದರು. ಅಲ್ಲಿಂದಾಚೆಗೆ ಅವರೂ ನಾನೂ ಹಿಂದೆ ಕೈಕಟ್ಟಿ ಕೂತೆವು. ಕಚೋ ಎಡಗಾಲಿನಿಂದ ಪೆಡಲ್ ಒತ್ತಿದರು, ದೋಣಿ ದಡದ ಗುಂಟ ಸರಿಯಿತು. ಬೀಸಿದರು, ಇಳಿಸಿದರು, ಸುತ್ತಿದರು. ಕೊಕ್ಕೆಗೆ ಜೊಂಡು ಸಿಕ್ಕಿಕೊಂಡಾಗ ಬೇರೆಯದನ್ನು ತೆಗೆಯಲು ಕೊಕ್ಕೆಗಳ ಗೂಡಿನ ಮುಚ್ಚಳ ಒತ್ತಿದರು. ಟಕ್. ನಮ್ಮ ಮನೆಯ ಸದ್ದು ಆ ನೀರಿನ ಮೇಲೆ ಕೇಳಿತು.

ಒಮ್ಮೆ ಇಕ್ಕಳ ಅವರ ಕೈಯಿಂದ ಜಾರಿ ಡೆಕ್ಕಿನ ಅಂಚು ದಾಟಿ ಕೆಳಗೆ ಹೋಯಿತು. ಒಕುಸಾನ್ ಎದ್ದುನಿಂತರು. ನಾನು ಬೇಡ ಎಂದು ತಲೆಯಾಡಿಸಿದೆ, ಕೂತರು. ಕಚೋ ಸುರುಳಿ ದಾರವನ್ನು ಬೆರಳಿಗೆ ಸುತ್ತಿ ಎಳೆದುಕೊಂಡರು. ಇಕ್ಕಳ ನೀರು ತೊಟ್ಟಿಕ್ಕುತ್ತ ಬಂತು. ಅದನ್ನು ಅವರು ತೊಡೆಗೆ ಒರೆಸಿ ಜಾಗದಲ್ಲಿಟ್ಟರು. ಒಕುಸಾನ್ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಬಿಸಿಲೇರುವವರೆಗೂ ಮೀನು ಒಂದೂ ಸಿಗಲಿಲ್ಲ. ಕಚೋ ಸೀಟನ್ನು ನಮ್ಮ ಕಡೆ ತಿರುಗಿಸಿದರು. ಬಟ್ಟಲನ್ನು ಅದರ ಕುಳಿಯಲ್ಲಿಟ್ಟು, ಫ್ಲಾಸ್ಕಿನ ತಲೆ ಒತ್ತಿ ಚಹಾ ತುಂಬಿಸಿದರು. ತಾವು ಕುಡಿಯಲಿಲ್ಲ, ಎತ್ತಿ ನನ್ನ ಕಡೆ ಚಾಚಿದರು. ತಲೆ ತಗ್ಗಿಸಿ, "ಒಂದೇ ಕೈಯಲ್ಲಿ ಕೊಡ್ತಿದೀನಿ, ಕ್ಷಮಿಸಿ" ಎಂದರು. ಲಕ್ವ ಹೊಡೆದ ಮೇಲೆ ಅವರು ಇನ್ನೊಬ್ಬರಿಗೆ ಏನನ್ನಾದರೂ ಕೈಯೆತ್ತಿ ಕೊಟ್ಟದ್ದು ಅದೇ ಮೊದಲು ಎಂದು ಆಮೇಲೆ ಒಕುಸಾನ್ ಹೇಳಿದರು. ಎದ್ದುಹೋಗಿ ನಾನೂ ಎಡಗೈಯೊಂದನ್ನೇ ಚಾಚಿ ಬಟ್ಟಲು ತೆಗೆದುಕೊಂಡೆ. ಅಜ್ಜಿ ನೋಡಿದ್ದರೆ ಇಬ್ಬರಿಗೂ ಬೈದಿರುತ್ತಿದ್ದರು.

ಒಕುಸಾನ್ ಮೆಲ್ಲಗೆ ಕೇಳಿದರು. "ಕೊಳ್ಳೋರಿಗೆ ಏನು ಹೇಳಲಿ?"

ಕಚೋ ನೀರು ನೋಡಿದರು. "ಪೆಡಲ್ ಇನ್ನೂ ಸ್ವಲ್ಪ ಹಿಂದೆ ಬರಬೇಕು" ಎಂದರು ನನಗೆ. "ಮುಂದಿನ ವಾರ ಮಾಡೋಣ."

ಒಕುಸಾನ್ ಟೋಪಿಯನ್ನು ಮುಖಕ್ಕೆ ಎಳೆದುಕೊಂಡು ಎಂಜಿನ್ನಿನ ಕಡೆ ತಿರುಗಿದರು. ಅವರ ಭುಜಗಳು ಅಲುಗುತ್ತಿದ್ದವು. ಒಳ್ಳೆಯದಾಯಿತು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದುದು ಒಳಗೆ ಇಳಿಯುತ್ತಿರಲಿಲ್ಲ.

ಸಂಜೆ ಮನೆಗೆ ಬಂದು ಕೈಕಾಲು ತೊಳೆದು ಕೂತಿದ್ದೆ. ನೆಲ ಅಲುಗಿತು. ಹೆದರುವಂಥದ್ದೇನಲ್ಲ, ಇಲ್ಲಿ ಆಗಾಗ ಆಗುವಂಥದ್ದೇ. ದೀಪ ತೂಗಿತು, ನಿಂತಿತು. ಆಮೇಲೆ ಅಡುಗೆಮನೆಯಲ್ಲಿ ಏನೋ ಬಿದ್ದ ಸದ್ದು.

ಚಿಲಕ ಬಿಚ್ಚಿದ್ದ ಕಪಾಟಿನ ಬಾಗಿಲು ತೆರೆದಿತ್ತು. ಸಾರಿನಪುಡಿಯ ಡಬ್ಬಿ ನೆಲದ ಮೇಲಿತ್ತು, ಮುಚ್ಚಳ ಒಂದು ಕಡೆ, ಪುಡಿ ಒಲೆಯ ಬುಡದವರೆಗೆ. ಧನಿಯ, ಮೆಂತ್ಯ, ಕರಿಬೇವು, ಇಂಗು. ಆ ವಾಸನೆ ಗೋಡೆಯಾಚೆಯಿಂದ ಬರಲಿಲ್ಲ, ನೇರವಾಗಿ ಮೂಗಿಗೇ ಬಂತು. ಅವಳು ಬಾಣಲೆ ಮುಂದೆ ನಿಂತು ಕೆಮ್ಮುತ್ತ ಕಿಟಕಿ ತೆಗೀರಿ ಎಂದು ಕೂಗಿದ್ದು ನೆನಪಾಯಿತು. ನೆಲದ ಮೇಲೆ ಕೂತು, ಅವಳು ಹೋದ ಮೇಲೆ ಮೊದಲ ಸಲ ಅತ್ತೆ. ದನಿ ತೆಗೆದು ಅತ್ತೆ. ಪಕ್ಕದ ಮನೆಯವರು ಏನಂದುಕೊಂಡರೋ ಗೊತ್ತಿಲ್ಲ.

ಅಳು ನಿಂತ ಮೇಲೆ ಎಡಗೈಯಿಂದ ಪುಡಿ ಗೋರಿದೆ. ನೆಲದ್ದನ್ನು ಬೇರೆ ಕಟ್ಟಿಟ್ಟೆ. ಡಬ್ಬಿಯ ತಳದಲ್ಲಿ ಸ್ವಲ್ಪ ಉಳಿದಿತ್ತು. ಬೇಳೆ ಬೇಯಲಿಟ್ಟು, ಹುಣಸೆಹಣ್ಣು ನೆನೆಹಾಕಿ, ಅದರಲ್ಲಿ ಸಾರು ಮಾಡಿದೆ. ಉಪ್ಪು ಜಾಸ್ತಿಯಾಗಿತ್ತು. ಎರಡು ಸಲ ಬಡಿಸಿಕೊಂಡೆ.